ನಾಯಿಮರಿಗೊಂದು ಗೂಡು

ಹೊಸ ನಾಯಿಮರಿ ಬಂದ ಮೊದಲ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ತಾಯಿಯ ಮೈಬಿಸಿ ಬಿಟ್ಟು ಬಂದ ಜೀವ ಕುಂಯ್‌ಗುಟ್ಟುತ್ತಲೇ ಇರುತ್ತದೆ. ಕೋಳಿ ಮುಚ್ಚುವ ಬುಟ್ಟಿಯನ್ನೇ ಮರಿಯ ಮೇಲೆ ಕವುಚಿ, ಮೇಲೊಂದು ಕಲ್ಲಿಟ್ಟು ಮಲಗುವ ಹಳ್ಳಿಮನೆಗಳುಂಟು. ಈಗ ಅಂಗಡಿಗಳಲ್ಲಿ ಸಿಗುವ ತಂತಿಯ 'ಕ್ರೇಟ್' ಆ ಬುಟ್ಟಿಯ ಪೇಟೆಯ ನೆಂಟ. ಆದರೆ ಅದನ್ನು ಬಳಸುವ ಕ್ರಮ ಬೇರೆ.

ನಾಯಿ ತಾನು ಮಲಗುವ ಜಾಗವನ್ನು ಆದಷ್ಟೂ ಹೊಲಸು ಮಾಡಿಕೊಳ್ಳುವುದಿಲ್ಲ. ಗೂಡಿನ ಗುಟ್ಟೆಲ್ಲ ಇಷ್ಟೇ. ಮರಿ ಎದ್ದು ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಸಾಕಾಗುವಷ್ಟು ಜಾಗವಿರಬೇಕು. ತೀರಾ ದೊಡ್ಡದಾದರೆ ಒಂದು ಮೂಲೆ ಹಾಸಿಗೆ, ಇನ್ನೊಂದು ಮೂಲೆ ಪಾಯಿಖಾನೆ! ಬೆಳೆಯುವ ಜಾತಿಯ ಮರಿಯಾದರೆ ದೊಡ್ಡ ಗೂಡನ್ನೇ ತಂದು ನಡುವೆ ಹಲಗೆ ಅಡ್ಡ ಇಡಬಹುದು.

ದೊಡ್ಡಬಳ್ಳಾಪುರದಲ್ಲಿ ಮನೆಯೊಳಗೇ ವಿದ್ಯುತ್ ಮಗ್ಗ ಇಟ್ಟುಕೊಂಡವರಿಗೆ ಗೂಡಿನ ಉಪಯೋಗ ಇನ್ನೂ ಹೆಚ್ಚು. ಹಲ್ಲು ಬರುವ ಮರಿಗೆ ಎಲ್ಲವೂ ಅಗಿಯುವ ವಸ್ತುವೇ. ವಿದ್ಯುತ್ ತಂತಿಯ ಅಪಾಯ ಎಲ್ಲರಿಗೂ ಗೊತ್ತು, ನೂಲಿನದು ಗೊತ್ತಿರುವವರು ಕಡಿಮೆ. ನುಂಗಿದ ಉದ್ದನೆಯ ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಕರುಳು ನೆರಿಗೆಯಂತೆ ಸುಕ್ಕುಗಟ್ಟುತ್ತದೆ. ಆಗ ಶಸ್ತ್ರಚಿಕಿತ್ಸೆಯೇ ಬೇಕಾದೀತು. ಬಾಯಿಂದಲೋ ಹಿಂದಿನಿಂದಲೋ ಎಳೆ ಕಂಡರೆ ಎಳೆಯಬಾರದು, ಪಶುವೈದ್ಯರಲ್ಲಿಗೆ ಒಯ್ಯಬೇಕು. ಹಾಗೆಂದು ಗೂಡನ್ನು ಮಗ್ಗದ ಪಕ್ಕದಲ್ಲೇ ಇಡುವುದೂ ತಪ್ಪು. ನಮಗಿಂತ ಚುರುಕು ಕಿವಿಯ ಪ್ರಾಣಿಗೆ ಆ ಸದ್ದು ಹಿಂಸೆ.

ಮೊದಲ ಕೆಲವು ದಿನ ಬಾಗಿಲು ಹಾಕಲೇಬಾರದು. ಊಟದ ತಟ್ಟೆ ಒಳಗಿರಲಿ, ಬೇಯಿಸಿದ ಮೊಟ್ಟೆಯ ಚೂರು ಒಳಗಿರಲಿ. ಮರಿ ತಾನಾಗಿ ಹೋಗಿ ಬರಲಿ. ಆಮೇಲೆ ತಿನ್ನುವಷ್ಟು ಹೊತ್ತು ಬಾಗಿಲು ಮುಂದೆ ಮಾಡಿ, ನಿಧಾನವಾಗಿ ಹೊತ್ತು ಹೆಚ್ಚಿಸಬೇಕು. ರಾತ್ರಿ ಹಾಸಿಗೆಯ ಪಕ್ಕದಲ್ಲೇ ಗೂಡಿಟ್ಟರೆ ಅರ್ಧ ಅಳು ನಿಂತಂತೆ. ನಡುರಾತ್ರಿ ಎದ್ದು ಚಡಪಡಿಸಿದರೆ ಮಾತಿಲ್ಲದೆ, ಮುದ್ದಿಲ್ಲದೆ ಹೊರಗೊಯ್ದು ಉಚ್ಚೆ ಹೊಯ್ಯಿಸಿ ತಂದು ಮಲಗಿಸುವುದು. ಚಪ್ಪಲಿ ಕಚ್ಚಿತೆಂದು ಬೈದು ಒಳಗೆ ತಳ್ಳಿದರೆ ಮಾತ್ರ ವಾರದ ಶ್ರಮ ಒಂದೇ ಏಟಿಗೆ ಮಣ್ಣುಪಾಲು.

2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ದೇವನಹಳ್ಳಿಯ ಸುತ್ತ ಬಡಾವಣೆಗಳು ಎದ್ದಿವೆ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಹೊರಟು ರಾತ್ರಿ ಏಳಕ್ಕೆ ಮರಳುವ ಮನೆಗೆ ಕ್ರೇಟ್ ಪರಿಹಾರವಲ್ಲ. ಮರಿಯ ವಯಸ್ಸಿನ ತಿಂಗಳಿಗೆ ಒಂದು ಕೂಡಿಸಿದರೆ ಬರುವಷ್ಟು ಗಂಟೆ ಅದು ಉಚ್ಚೆ ತಡೆದೀತು ಎಂಬುದು ಅಂದಾಜು ಲೆಕ್ಕ. ಎರಡು ತಿಂಗಳದಕ್ಕೆ ಮೂರೇ ಗಂಟೆ, ಅದೂ ಹೆಚ್ಚೆಂದರೆ. ಮೀರಿದರೆ ಗೂಡಿನಲ್ಲೇ ಹೊಯ್ದು, ಹೊಲಸಿನಲ್ಲೇ ಮಲಗುವುದನ್ನು ಕಲಿಯುತ್ತದೆ. ಅಂಥ ಮನೆಗೆ ತಡಿಕೆ ಕಟ್ಟಿದ ದೊಡ್ಡ ಆವರಣ ಬೇಕು, ಮಧ್ಯಾಹ್ನ ಬಂದು ನೋಡುವ ಒಬ್ಬರು ಬೇಕು. ಯಾರೂ ಇಲ್ಲವೆಂದರೆ ಮರಿ ತರುವುದನ್ನೇ ಮುಂದಕ್ಕೆ ಹಾಕುವುದು ಲೇಸು. ಕದಲಲು ಸಾಲದಷ್ಟು ಚಿಕ್ಕ ಪಂಜರದಲ್ಲಿಡುವುದು, ಸದಾ ಕಟ್ಟಿ ಅಥವಾ ಕೂಡಿಹಾಕಿದ ನಾಯಿಯನ್ನು ಅಡ್ಡಾಡಿಸದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಸಂಕೋಲೆಗೂ ಇದೇ ಮಾತು: ವಿಪರೀತ ಮೋಟಾಗಿ, ಭಾರವಾಗಿ ಇರುವಂತಿಲ್ಲ.

ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಸೂರಿನಡಿ ಗೂಡಿಟ್ಟರೆ ಅದು ಒಲೆ. ನಾಯಿ ಮೈ ತಂಪು ಮಾಡಿಕೊಳ್ಳುವುದು ಬಹುಪಾಲು ತೇಕುವುದರಿಂದಲೇ. ಗಾಳಿ, ನೀರು ಎರಡೂ ಬೇಕು. ನೆಲಮಂಗಲದ ಶಿವಗಂಗೆ ಬೆಟ್ಟದ ಕಡೆಯವರು ಚಿರತೆಯನ್ನೂ ನೆನಪಿಡಬೇಕು. ನಾಯಿ ಎಂದರೆ ಅದಕ್ಕೆ ಸುಲಭದ ತುತ್ತು. ಅಂಗಳದ ತೆಳು ಜಾಲರಿ ಮರಿಯನ್ನು ಓಡದಂತೆ ತಡೆದೀತೇ ಹೊರತು ಚಿರತೆಯನ್ನು ತಡೆಯದು. ರಾತ್ರಿ ಗೂಡು ಮನೆಯೊಳಗೇ ಇರಲಿ.

ಮಧ್ಯಾಹ್ನದ ನಿದ್ದೆಗೆ ಮರಿ ಯಾರೂ ಕರೆಯದೆ ತಾನೇ ಒಳಹೊಕ್ಕು ಸುತ್ತಿಕೊಂಡು ಮಲಗತೊಡಗುತ್ತದೆ. ಹೊಸ್ತಿಲಾಚೆ ಉಚ್ಚೆಗೆ ಹೋಗುವುದೂ ರೂಢಿಯಾಯಿತೆಂದರೆ, ಬಾಗಿಲನ್ನು ಕಳಚಿ ಅಟ್ಟಕ್ಕೆ ಹಾಕಬಹುದು.