ಹೇಳದೇ ಹೋದ ಗಿರಾಕಿ

ನಮ್ಮ ಸೋದರಮಾವ ಬ್ಯಾಂಕಿನಿಂದ ನಿವೃತ್ತರು. ಗ್ಲಾಕೋಮಾದಿಂದ ಕಣ್ಣು ಪೂರ್ತಿ ಹೋಗಿ 6 ವರ್ಷವಾಯ್ತು. ಆದರೂ ಮೊಬೈಲಿನಲ್ಲಿ ನನಗಿಂತ ಚುರುಕು. ಆಂಡ್ರಾಯ್ಡ್‌ನಲ್ಲೇ ಇರುವ ಟಾಕ್‌ಬ್ಯಾಕ್ ಪರದೆ ಮೇಲಿರೋದನ್ನ ಓದಿ ಹೇಳುತ್ತೆ, ಇವರು ಕೇಳಿಸಿಕೊಳ್ತಾ ಬೆರಳಾಡಿಸ್ತಾರೆ. ಕರೆಂಟ್ ಬಿಲ್ಲು, ಗ್ಯಾಸು, ಅತ್ತೆಯ ಔಷಧಿ, ತಿಂಗಳ ದಿನಸಿ ಎಲ್ಲ ಅವರದೇ ಜವಾಬ್ದಾರಿ.

ನಾನು ಕೆಲಸ ಮಾಡೋ ಕಂಪನಿಯ ಶಾಪಿಂಗ್ ಸೈಟನ್ನು ಒಂದು ಭಾನುವಾರ ಹೆಮ್ಮೆಯಿಂದ ಅವರ ಕೈಗೆ ಕೊಟ್ಟೆ. ಚೆಕ್‌ಔಟ್ ಪುಟ ನಾನೇ ಬರೆದದ್ದು. ಇಪ್ಪತ್ತು ನಿಮಿಷ ಕೂತು ಸಾಮಾನು ಆರಿಸಿದರು. ಹಣ ಕಟ್ಟೋ ಜಾಗ ಬಂದಾಗ ಫೋನ್ ಹೇಳಿದ್ದು ಒಂದೇ ಮಾತು: "ಅನ್‌ಲೇಬಲ್ಡ್ ಬಟನ್". ಪಕ್ಕದ್ದು ಮುಟ್ಟಿದರೂ ಅದೇ. ಒಂದು ಹಣ ಪಾವತಿಗೆ, ಇನ್ನೊಂದು ರದ್ದು ಮಾಡೋಕೆ. ಬರೀ ಐಕಾನ್ ಇಟ್ಟು ಹೆಸರು ಕೊಡೋದು ಮರೆತವನು ನಾನೇ.

"ಇರ್ಲಿ ಬಿಡೋ, ಮೂಲೆ ಅಂಗಡಿಗೆ ಫೋನ್ ಮಾಡ್ತೀನಿ" ಅಂದ್ರು. ಅರ್ಧ ಗಂಟೇಲಿ ಹುಡುಗ ಚೀಲ ತಂದಿಟ್ಟ.

ಮರುದಿನ ಆಫೀಸಿನ ಡ್ಯಾಶ್‌ಬೋರ್ಡಿನಲ್ಲಿ ಇಂಥ ಆರ್ಡರುಗಳನ್ನು ಹುಡುಕಿದೆ. ಎಲ್ಲದಕ್ಕೂ ಒಂದೇ ಹೆಸರು, 'ಅಬ್ಯಾಂಡನ್ಡ್ ಕಾರ್ಟ್'. ಗಿರಾಕಿಗೆ ಮನಸ್ಸು ಬದಲಾಯ್ತು ಅಂದ್ಕೊಂಡು ನಾವು ರಿಯಾಯಿತಿ ಕೂಪನ್ ಕಳಿಸ್ತಿದ್ವಿ! ಬಾಗಿಲಿಗೆ ಬೀಗ ಹಾಕಿ, ಒಳಗೆ ಬಂದ್ರೆ ಹತ್ತು ಪರ್ಸೆಂಟ್ ಕಡಿಮೆ ಅಂತ ಕೂಗಿದ ಹಾಗೆ. ಮಾವ ದೂರು ಕೊಡಲಿಲ್ಲ. ಯಾಕೆ ಕೊಡ್ತಾರೆ? ಅವರಿಗೆ ಬೇಳೆ ಸಿಕ್ಕಿತ್ತಲ್ಲ.

2011ರ ಜನಗಣತಿ ಪ್ರಕಾರ ದೇಶದಲ್ಲಿ ವಿಕಲಚೇತನರು 2.68 ಕೋಟಿ, ಕರ್ನಾಟಕದಲ್ಲೇ 13 ಲಕ್ಷಕ್ಕೂ ಹೆಚ್ಚು. ಅವರ ಹಿಂದೆ ಮನೆಮಂದಿಯ ಖರೀದಿಯೂ ಇರುತ್ತೆ, ಅದನ್ನ ಯಾರೂ ಲೆಕ್ಕ ಹಿಡಿಯಲ್ಲ.

ಅಮೆರಿಕದ ಟಾರ್ಗೆಟ್ ಕಂಪನಿಗೆ ಈ ಪಾಠ ದುಬಾರಿಯಾಯ್ತು. ಸೈಟಿನ ಚಿತ್ರಗಳಿಗೆ ವಿವರಣೆ ಇಲ್ಲ, ಮೌಸ್ ಇಲ್ಲದೆ ಖರೀದಿ ಮುಗಿಸೋಕಾಗಲ್ಲ ಅಂತ ಅಂಧರ ರಾಷ್ಟ್ರೀಯ ಒಕ್ಕೂಟ 2006ರಲ್ಲಿ ಕೋರ್ಟಿಗೆ ಹೋಯ್ತು. 2008ರಲ್ಲಿ ರಾಜಿಯಾದಾಗ ಕಂಪನಿ ತೆಗೆದಿಟ್ಟಿದ್ದು 60 ಲಕ್ಷ ಡಾಲರ್. ಉಲ್ಟಾ ಉದಾಹರಣೆ ಬ್ರಿಟನ್ನಿನ ಟೆಸ್ಕೊ. ಸುಮಾರು 35 ಸಾವಿರ ಪೌಂಡ್ ಖರ್ಚಿನಲ್ಲಿ ದೃಷ್ಟಿದೋಷ ಇರೋರಿಗಾಗಿ ಸರಳ ಸೈಟ್ ಮಾಡಿತು. ಅದರಿಂದ ಬಂದ ವ್ಯಾಪಾರ ವರ್ಷಕ್ಕೆ 1.3 ಕೋಟಿ ಪೌಂಡ್.

ಮ್ಯಾನೇಜರ್ ಮುಂದೆ ಇದನ್ನೆಲ್ಲ ಹೇಳಿದೆ. "ಈ ಸ್ಪ್ರಿಂಟ್‌ನಲ್ಲಿ ಜಾಗ ಇಲ್ಲ" ಅಂದ್ರು. ಆಮೇಲೆ ಯುರೋಪಿನ ಕ್ಲೈಂಟ್ ಒಬ್ಬರ ಮೇಲ್ ಬಂತು. ಅಲ್ಲಿನ ಆ್ಯಕ್ಸೆಸಿಬಿಲಿಟಿ ಕಾನೂನು 2025ರ ಜೂನ್ 28ರಿಂದ ಜಾರಿ, ನಿಮ್ಮ ಸ್ಥಿತಿ ಏನು ಅಂತ. ತಕ್ಷಣ ಜಾಗ ಸಿಕ್ತು! ನಮ್ಮ ಸುಪ್ರೀಂ ಕೋರ್ಟ್ ಕೂಡ ಅದೇ ಏಪ್ರಿಲ್‌ನಲ್ಲಿ ಡಿಜಿಟಲ್ ಸೇವೆ ಎಟುಕೋದು ಬದುಕುವ ಹಕ್ಕಿನ ಭಾಗ ಅಂದಿದೆ.

ಬಟನ್ನುಗಳಿಗೆ ಹೆಸರು ಕೊಡೋಕೆ ಬೇಕಾದದ್ದು ಅರ್ಧ ದಿನ. ಮಸುಕು ಬೂದು ಅಕ್ಷರಗಳನ್ನು ಗಾಢ ಮಾಡಿದ್ವಿ, ಈಗ ಬಿಸಿಲಲ್ಲಿ ನಿಂತವರಿಗೂ ಓದೋಕಾಗುತ್ತೆ. ವಿಡಿಯೋಗಳಿಗೆ ಅಡಿಬರಹ ಹಾಕಿದ್ವಿ, ಮೆಟ್ರೋದಲ್ಲಿ ಇಯರ್‌ಫೋನ್ ಮರೆತವರಿಗೂ ಅನುಕೂಲ. ನಿಮ್ಮದೂ ಸೈಟ್ ಇದ್ದರೆ ಇವತ್ತು ರಾತ್ರಿ ಟಾಕ್‌ಬ್ಯಾಕ್ ಆನ್ ಮಾಡಿ, ಕಣ್ಣು ಮುಚ್ಚಿ, ಒಂದು ಆರ್ಡರ್ ಮುಗಿಸಿ ನೋಡಿ. ಆಫ್ ಮಾಡೋದು ಹೇಗಂತ ಮೊದಲೇ ತಿಳ್ಕೊಳ್ಳಿ, ನಾನು ಒದ್ದಾಡಿದ್ದೀನಿ.

ಎಲ್ಲ ಸರಿಯಾದ ಮೇಲೆ ಮಾವನಿಗೆ ಫೋನ್ ಮಾಡಿದೆ. "ಸಂತೋಷ ಕಣೋ" ಅಂದ್ರು. "ಆದ್ರೆ ಆ ಅಂಗಡಿ ಹುಡುಗ ಈಗ ಅಭ್ಯಾಸ ಆಗ್ಬಿಟ್ಟಿದ್ದಾನೆ."