ಗಮ್ ಪೊಟ್ಟಣದಲ್ಲಿ ಬಂದ ಚರಿತ್ರೆ: ರಗ್ಬಿ ಲೀಗ್ ಕಾರ್ಡುಗಳ ಸಂಗ್ರಹ

ಅಂಚೆಚೀಟಿ, ನಾಣ್ಯ, ಬೆಂಕಿಪೊಟ್ಟಣದ ಚಿತ್ರ ಮುಂತಾದವನ್ನು ಕೂಡಿಡುವ ಹವ್ಯಾಸ ನಮಗೆ ಹೊಸದಲ್ಲ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್ ರಾಜ್ಯಗಳಲ್ಲಿ ಹಲವು ತಲೆಮಾರಿನ ಮಕ್ಕಳು ಇಂಥದೇ ಆಸೆಯಿಂದ ಕೂಡಿಟ್ಟದ್ದು ರಗ್ಬಿ ಲೀಗ್ ಆಟಗಾರರ ಚಿತ್ರವಿರುವ ರಟ್ಟಿನ ಕಾರ್ಡುಗಳನ್ನು. ಅಂಗೈಯಲ್ಲಿ ಹಿಡಿಸುವ ಈ ಕಾರ್ಡಿನ ಮುಂಬದಿಯಲ್ಲಿ ಆಟಗಾರನ ಭಾವಚಿತ್ರ, ಹಿಂಬದಿಯಲ್ಲಿ ಅವನ ವಿವರ. ಇದನ್ನು ಮಕ್ಕಳಾಟವೆಂದು ತಳ್ಳಿಹಾಕಬೇಡಿ. ಇದರಲ್ಲಿ ಚರಿತ್ರೆಯಿದೆ, ಗಣಿತವಿದೆ, ರಸಾಯನಶಾಸ್ತ್ರವಿದೆ, ಸ್ವಲ್ಪಮಟ್ಟಿಗೆ ವ್ಯಾಪಾರದ ಜಾಣತನವೂ ಇದೆ.

ಯಾವ ಆಟ ಇದು?

ರಗ್ಬಿಯಲ್ಲಿ ಎರಡು ಬಗೆಗಳಿವೆ. 1895ರ ಆಗಸ್ಟ್ 29ರಂದು ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಉತ್ತರ ಭಾಗದ ಕ್ಲಬ್ಬುಗಳು ಸಭೆ ಸೇರಿ ಮೂಲ ಸಂಸ್ಥೆಯಿಂದ ಹೊರಬಂದವು. ಕಾರಣ ಬಹಳ ಸರಳ. ಗಣಿ, ಗಿರಣಿಗಳಲ್ಲಿ ದುಡಿಯುವ ಆಟಗಾರರು ಪಂದ್ಯಕ್ಕಾಗಿ ಕೆಲಸ ಬಿಟ್ಟರೆ ಅಂದಿನ ಕೂಲಿ ಹೋಗುತ್ತಿತ್ತು. ಆ ನಷ್ಟವನ್ನು ತುಂಬಿಕೊಡಬೇಕೆಂದು ಈ ಕ್ಲಬ್ಬುಗಳು ಕೇಳಿದವು, ಮೂಲ ಸಂಸ್ಥೆ ಒಪ್ಪಲಿಲ್ಲ. ಹೀಗೆ ಒಡೆದುಬಂದ ಆಟವೇ ಮುಂದೆ ರಗ್ಬಿ ಲೀಗ್ ಎನಿಸಿಕೊಂಡಿತು. 1906ರಿಂದ ತಂಡಕ್ಕೆ 13 ಆಟಗಾರರು. ಚೆಂಡು ಹಿಡಿದು ಓಡುವವನನ್ನು ಎದುರಾಳಿಗಳು ಮೈಮೇಲೆ ಬಿದ್ದು ತಡೆಯುವುದನ್ನು ಕಂಡರೆ ನಿಮಗೆ ನಮ್ಮ ಕಬಡ್ಡಿಯ ನೆನಪಾಗದೆ ಇರದು. ಸಿಡ್ನಿಯಲ್ಲಿ 1907ರಲ್ಲಿ ಲೀಗ್ ಸ್ಥಾಪನೆಯಾಗಿ 1908ರಲ್ಲಿ ಪಂದ್ಯಾವಳಿ ಆರಂಭವಾಯಿತು. ಮೊದಲ ಪ್ರಶಸ್ತಿ ಸೌತ್ ಸಿಡ್ನಿಯ ಪಾಲಾಯಿತು.

ಸಿಗರೇಟಿನಿಂದ ಚೂಯಿಂಗ್ ಗಮ್‌ಗೆ

ಆಟಗಾರರ ಕಾರ್ಡು ಹುಟ್ಟಿದ್ದು ಹೇಗೆ? ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಿಗರೇಟುಗಳು ತೆಳು ಕಾಗದದ ಪೊಟ್ಟಣದಲ್ಲಿ ಬರುತ್ತಿದ್ದವು. ಅವು ಮುರಿಯದಿರಲೆಂದು ಒಳಗೆ ಒಂದು ರಟ್ಟಿನ ತುಂಡು ಇಡುತ್ತಿದ್ದರು. ಆ ತುಂಡನ್ನು ಖಾಲಿ ಬಿಡುವುದೇಕೆ ಎಂದು ಕಂಪೆನಿಗಳು ಅದರ ಮೇಲೆ ನಟಿಯರು, ಸೈನಿಕರು, ಆಟಗಾರರ ಚಿತ್ರ ಅಚ್ಚು ಹಾಕಿಸಿ, ಸಂಖ್ಯೆ ಕೊಟ್ಟು ಸರಣಿ ಮಾಡಿದವು. ಸರಣಿ ಪೂರ್ತಿ ಮಾಡುವ ಆಸೆಗೆ ಗಿರಾಕಿ ಮತ್ತೆ ಮತ್ತೆ ಅದೇ ಸಿಗರೇಟು ಕೊಳ್ಳುತ್ತಾನೆ ಎಂಬುದು ಇದರ ಹಿಂದಿನ ಲೆಕ್ಕಾಚಾರ. ಇದೇ ಕಾಲದಲ್ಲಿ, 1880ರ ದಶಕದಲ್ಲಿ, ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರದ ಆಟಿಕೆ ವ್ಯಾಪಾರಿ ಜಾನ್ ಬೇನ್ಸ್ ಎಂಬಾತ ಗುರಾಣಿ ಮುಂತಾದ ಆಕಾರಗಳಲ್ಲಿ ಕತ್ತರಿಸಿದ ಕ್ಲಬ್ಬುಗಳ ಬಣ್ಣದ ಕಾರ್ಡುಗಳನ್ನು ಮಕ್ಕಳಿಗೆಂದೇ ಮಾರಿದ. ಎರಡನೆಯ ಮಹಾಯುದ್ಧದಲ್ಲಿ ಕಾಗದದ ಅಭಾವ ತಲೆದೋರಿ 1940ರ ವೇಳೆಗೆ ಬ್ರಿಟನ್ನಿನಲ್ಲಿ ಸಿಗರೇಟು ಕಾರ್ಡುಗಳು ನಿಂತುಹೋದವು.

ಆಸ್ಟ್ರೇಲಿಯದಲ್ಲಿ 1960ರ ದಶಕದಿಂದ 1980ರ ದಶಕದವರೆಗೆ ಮಕ್ಕಳ ಮನ ಗೆದ್ದದ್ದು ಸ್ಕ್ಯಾನ್ಲೆನ್ಸ್ ಎಂಬ ಮಿಠಾಯಿ ಕಂಪೆನಿಯ ಕಾರ್ಡುಗಳು. ಕೆಲವು ಪೈಸೆಗಳಿಗೆ ಸಮನಾದ ಬೆಲೆಗೆ ಮೇಣಗಾಗದದ ಪೊಟ್ಟಣ, ಅದರೊಳಗೆ ಚಪ್ಪಟೆಯಾದ ಚೂಯಿಂಗ್ ಗಮ್, ಗಮ್‌ಗೆ ಅಂಟಿಕೊಂಡಂತೆ ಕಾರ್ಡುಗಳು. ಕೆಲವು ಸರಣಿಗಳ ಹಿಂಬದಿಗಳನ್ನು ಸರಿಯಾಗಿ ಜೋಡಿಸಿದರೆ ಒಂದು ದೊಡ್ಡ ಚಿತ್ರವಾಗುತ್ತಿತ್ತು. ಸೇಂಟ್ ಜಾರ್ಜ್ ತಂಡ 1956ರಿಂದ 1966ರವರೆಗೆ ಸತತವಾಗಿ ಹನ್ನೊಂದು ಬಾರಿ ಸಿಡ್ನಿ ಪ್ರಶಸ್ತಿ ಗೆದ್ದಿತ್ತು. ಆ ತಂಡದ ತಾರೆಗಳನ್ನು ಕ್ರೀಡಾಂಗಣಕ್ಕೆ ಹೋಗಿ ನೋಡಲಾಗದ ಮಕ್ಕಳಿಗೂ ಗಮ್ ಪೊಟ್ಟಣ ಅವರ ಮುಖ ಪರಿಚಯ ಮಾಡಿಸಿತು.

ಕೊನೆಯ ಕಾರ್ಡಿನ ಲೆಕ್ಕ

ಪೊಟ್ಟಣದ ಒಳಗೆ ಯಾರಿದ್ದಾರೆ ಎಂಬುದು ಹೊರಗಿನಿಂದ ತಿಳಿಯದು. ಸರಣಿ ಪೂರ್ತಿಯಾಗಲು ಒಟ್ಟು ಎಷ್ಟು ಕಾರ್ಡು ಕೊಳ್ಳಬೇಕಾದೀತು? ಪೆನ್ಸಿಲು ತೆಗೆದುಕೊಳ್ಳಿ, ನಾವೇ ಲೆಕ್ಕ ಹಾಕೋಣ.

ಸರಣಿಯಲ್ಲಿ 100 ಕಾರ್ಡುಗಳಿವೆ, ಎಲ್ಲವೂ ಸಮಸಂಖ್ಯೆಯಲ್ಲಿ ಅಚ್ಚಾಗಿವೆ, ಚೆನ್ನಾಗಿ ಕಲಸಿಹೋಗಿವೆ ಎಂದಿಟ್ಟುಕೊಳ್ಳಿ. ಮೊದಲನೆಯದು ಯಾವುದು ಬಂದರೂ ಹೊಸದೇ. ನಿಮ್ಮಲ್ಲಿ 50 ಸೇರಿದ ಮೇಲೆ ಹೊಸದು ಸಿಗುವ ಸಾಧ್ಯತೆ ಅರ್ಧ, ಅಂದರೆ ಒಂದು ಹೊಸ ಕಾರ್ಡಿಗೆ ಸರಾಸರಿ ಎರಡು ಕೊಳ್ಳಬೇಕು. 99 ಸೇರಿ ಒಂದೇ ಉಳಿದಾಗ ಸಾಧ್ಯತೆ ನೂರಕ್ಕೆ ಒಂದು. ಆ ಒಂದಕ್ಕಾಗಿಯೇ ಸರಾಸರಿ 100 ಕಾರ್ಡು ಬೇಕು! ಎಲ್ಲ ಹಂತಗಳನ್ನೂ ಕೂಡಿದರೆ ಮೊತ್ತ ಸುಮಾರು 519. ಇದರಲ್ಲಿ ಮೊದಲ 90 ಬಗೆಗಳಿಗೆ ಬೇಕಾದದ್ದು ಸುಮಾರು 226, ಕೊನೆಯ ಹತ್ತಕ್ಕೆ ಸುಮಾರು 293. ಸಂಗ್ರಹ ಮುಗಿಯುತ್ತ ಬಂದಂತೆ ಖರ್ಚು ಏರುತ್ತದೆ ಎಂಬುದೇ ಈ ವ್ಯಾಪಾರದ ಗುಟ್ಟು.

ಮಕ್ಕಳು ಈ ಗುಟ್ಟನ್ನು ಗಣಿತ ಓದದೆಯೇ ಮುರಿದರು. 226 ಕಾರ್ಡು ಕೊಂಡು 90 ಬಗೆ ಸೇರಿಸಿದವನ ಬಳಿ 136 ನಕಲುಗಳು ಉಳಿದಿರುತ್ತವೆ. ಪಕ್ಕದ ಬೆಂಚಿನವನಿಗೆ ಬೇಕಾದದ್ದು ಅದರಲ್ಲಿರುತ್ತದೆ, ತನಗೆ ಬೇಕಾದದ್ದು ಅವನಲ್ಲಿರುತ್ತದೆ. ಶಾಲೆಯ ಅಂಗಳದ ವಿನಿಮಯದಿಂದ ಕೊನೆಯ ಹತ್ತರ ಭಾರ ಇಳಿಯುತ್ತದೆ. ಈ ಹವ್ಯಾಸ ಒಂಟಿ ಹವ್ಯಾಸವಲ್ಲ ಎನ್ನುವುದಕ್ಕೆ ಈ ಅಂಕಿಗಳೇ ಸಾಕ್ಷಿ. ಒಬ್ಬನೇ ಕುಳಿತು ಕೊಳ್ಳುತ್ತಾ ಹೋದವನು ಸೋಲುತ್ತಾನೆ, ಗೆಳೆಯರಿದ್ದವನು ಗೆಲ್ಲುತ್ತಾನೆ.

1990ರ ದಶಕದಲ್ಲಿ ಗಮ್ ಹೋಗಿ ಕಾರ್ಡೇ ಸರಕಾಯಿತು. ಹೊಳೆಯುವ ಹಾಳೆಯ ಕಾರ್ಡು, ಆಟಗಾರನ ಸಹಿಯುಳ್ಳ ಕಾರ್ಡು ಇತ್ಯಾದಿ ಅಪರೂಪದ ಕಾರ್ಡುಗಳನ್ನು ಅಲ್ಲೊಂದು ಇಲ್ಲೊಂದು ಪೊಟ್ಟಣದಲ್ಲಿ ಸೇರಿಸುವ ಪದ್ಧತಿ ಬಂದಿತು. ಇಲ್ಲಿ ತಂದೆತಾಯಿಗಳು ಒಂದು ಮಾತು ಗಮನಿಸಬೇಕು. ಉದಾಹರಣೆಗೆ, 36 ಪೊಟ್ಟಣಕ್ಕೆ ಒಂದರಂತೆ ವಿಶೇಷ ಕಾರ್ಡು ಇದೆ ಎನ್ನಿ. ಅಲ್ಲಲ್ಲಿಂದ 36 ಪೊಟ್ಟಣ ಕೊಂಡರೆ ಅದು ಸಿಕ್ಕೇ ಸಿಗುತ್ತದೆ ಎಂದು ಮಗು ನಂಬುತ್ತದೆ. ವಾಸ್ತವವಾಗಿ ಸಿಗದೇ ಇರುವ ಸಾಧ್ಯತೆ ಶೇಕಡ 36ರಷ್ಟಿದೆ. ಮೂವತ್ತೈದು ಬಾರಿ ಸೋತರೂ ಮೂವತ್ತಾರನೆಯ ಪೊಟ್ಟಣಕ್ಕೆ ಆ ಸೋಲಿನ ನೆನಪಿರುವುದಿಲ್ಲ. ಪೊಟ್ಟಣ ಬಿಚ್ಚುವ ಸಂತೋಷ ಜೂಜಿನ ಚಟಕ್ಕೆ ತಿರುಗುವ ಗಡಿ ಇದೇ. ಬೇಕಾದ ಕಾರ್ಡನ್ನು ಬಿಡಿಯಾಗಿ ಕೊಳ್ಳುವುದು, ಅಥವಾ ತಿಂಗಳಿಗೆ ಇಂತಿಷ್ಟೇ ಎಂದು ಹಣ ಗೊತ್ತುಮಾಡುವುದು ಲೇಸು.

ಹಿಂಬದಿಯನ್ನು ಓದುವ ಬಗೆ

ಬಹಳಷ್ಟು ಜನ ಮುಂಬದಿಯ ಚಿತ್ರ ನೋಡಿ ತೃಪ್ತರಾಗುತ್ತಾರೆ. ಒಳ್ಳೆಯ ಸಂಗ್ರಾಹಕ ಕಾರ್ಡನ್ನು ತಿರುಗಿಸುತ್ತಾನೆ. ಆದರೆ ಅಂಕಿಗಳನ್ನು ಹೋಲಿಸುವಾಗ ಎಚ್ಚರ ಬೇಕು. ಎದುರಾಳಿಯ ಗಡಿಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸುವುದಕ್ಕೆ ಟ್ರೈ ಎನ್ನುತ್ತಾರೆ. 1982ರವರೆಗೆ ಒಂದು ಟ್ರೈಗೆ 3 ಅಂಕ, 1983ರಿಂದ 4. ಆದ್ದರಿಂದ 1960ರ ದಶಕದ ಆಟಗಾರನ ಒಟ್ಟು ಅಂಕಗಳನ್ನು 1990ರ ದಶಕದವನ ಅಂಕಗಳ ಪಕ್ಕ ಇಟ್ಟರೆ ಹಳಬನಿಗೆ ಅನ್ಯಾಯವಾಗುತ್ತದೆ. ಟ್ರೈಗಳ ಸಂಖ್ಯೆಯನ್ನು ಹೋಲಿಸುವುದೇ ಸರಿಯಾದ ಕ್ರಮ.

ಒಬ್ಬನೇ ಆಟಗಾರನ ಕಾರ್ಡುಗಳನ್ನು ವರ್ಷಾನುಕ್ರಮದಲ್ಲಿ ಕೂಡಿಸುವುದು ಇನ್ನೊಂದು ಚೆಂದದ ಕ್ರಮ. ಆರ್ಥರ್ ಬೀಟ್ಸನ್ ಅವರನ್ನೇ ತೆಗೆದುಕೊಳ್ಳಿ. 1966ರಲ್ಲಿ ಬಾಲ್ಮೇನ್ ತಂಡ ಸೇರಿದರು, 1971ರಿಂದ ಈಸ್ಟರ್ನ್ ಸಬರ್ಬ್ಸ್‌ನಲ್ಲಿದ್ದು 1974 ಮತ್ತು 1975ರ ಪ್ರಶಸ್ತಿ ಗೆದ್ದರು, ಕೊನೆಗೆ ಪ್ಯಾರಮ್ಯಾಟಾಗೆ ಆಡಿದರು. ಅಂಗಿಯ ಬಣ್ಣ ಬದಲಾಗುತ್ತಾ ಹೋದದ್ದರಲ್ಲೇ ಒಂದು ವೃತ್ತಿಜೀವನ ಕಾಣುತ್ತದೆ. ಆದರೆ ಅವರ ಮಹತ್ವ ಅಷ್ಟಕ್ಕೇ ಮುಗಿಯದು. 1973ರಲ್ಲಿ ಅವರು ಆಸ್ಟ್ರೇಲಿಯ ತಂಡದ ನಾಯಕರಾದಾಗ, ಯಾವುದೇ ಪ್ರಮುಖ ಕ್ರೀಡೆಯಲ್ಲಿ ಆ ದೇಶವನ್ನು ಮುನ್ನಡೆಸಿದ ಮೊದಲ ಮೂಲನಿವಾಸಿ ಎನಿಸಿದರು. ಮೂಲನಿವಾಸಿಗಳನ್ನು ಅಂಚಿಗೆ ತಳ್ಳಿದ್ದ ಸಮಾಜದಲ್ಲಿ, ಬಿಳಿಯರ ಮಕ್ಕಳು ಅವರ ಚಿತ್ರಕ್ಕಾಗಿ ಜೇಬಿನ ಕಾಸು ಕೊಡುತ್ತಿದ್ದರು. ಬೀಟ್ಸನ್ 2011ರಲ್ಲಿ ನಿಧನರಾದರು.

ಅಳಿದ ತಂಡಗಳು, ಉಳಿದ ಕಾರ್ಡುಗಳು

ಹಳೆಯ ಕಾರ್ಡುಗಳಿಗೆ ಇಂದು ಇರುವ ನಿಜವಾದ ಬೆಲೆ ಇಲ್ಲಿದೆ ಎಂದು ನನ್ನ ಭಾವನೆ. 1908ರಿಂದ ಆಡುತ್ತಿದ್ದ ನ್ಯೂಟೌನ್ ತಂಡ ಹಣಕಾಸಿನ ಮುಗ್ಗಟ್ಟಿನಿಂದ 1983ರ ಋತುವಿನ ಬಳಿಕ ಉನ್ನತ ದರ್ಜೆಯಿಂದ ಹೊರಬಿದ್ದಿತು. 1995ರಲ್ಲಿ ಟೆಲಿವಿಷನ್ ಹಕ್ಕುಗಳ ಹಿನ್ನೆಲೆಯಲ್ಲಿ ಆಟದ ಒಡೆತನಕ್ಕಾಗಿ ದೊಡ್ಡ ಜಗಳವೇ ಆರಂಭವಾಯಿತು. ಮೊಕದ್ದಮೆಗಳ ನಂತರ 1997ರಲ್ಲಿ ಎರಡು ಪ್ರತಿಸ್ಪರ್ಧಿ ಪಂದ್ಯಾವಳಿಗಳು ನಡೆದವು, ಒಂದರಲ್ಲಿ 12 ತಂಡ, ಇನ್ನೊಂದರಲ್ಲಿ 10. ಒಂದನ್ನು ನ್ಯೂಕ್ಯಾಸಲ್ ಗೆದ್ದರೆ ಇನ್ನೊಂದನ್ನು ಬ್ರಿಸ್ಬೇನ್ ಗೆದ್ದಿತು. 1998ರಲ್ಲಿ ಎರಡೂ ಕೂಡಿ ನ್ಯಾಷನಲ್ ರಗ್ಬಿ ಲೀಗ್ ಆದಾಗ ತಂಡಗಳ ಸಂಖ್ಯೆ ಕಡಿಮೆ ಮಾಡುವುದು ಅನಿವಾರ್ಯವಾಯಿತು. ಸೇಂಟ್ ಜಾರ್ಜ್ 1999ರಲ್ಲಿ ಇಲ್ಲವಾರಾದೊಡನೆ ಬೆರೆಯಿತು. ಬಾಲ್ಮೇನ್ ಮತ್ತು ವೆಸ್ಟರ್ನ್ ಸಬರ್ಬ್ಸ್ 2000ದಲ್ಲಿ ಒಂದಾದವು. ಆದ್ಯ ವಿಜೇತ ಸೌತ್ ಸಿಡ್ನಿಯನ್ನೇ 1999ರ ಕೊನೆಗೆ ಹೊರಹಾಕಿದರು. ಅಭಿಮಾನಿಗಳು ಬೀದಿಗಿಳಿದು, ನ್ಯಾಯಾಲಯಕ್ಕೂ ಹೋಗಿ ಹೋರಾಡಿದ ಮೇಲೆ 2002ರಲ್ಲಿ ಅದು ಮರಳಿ ಬಂದಿತು. ಹಂಟರ್ ಮ್ಯಾರಿನರ್ಸ್ ತಂಡವಂತೂ 1997ರ ಒಂದೇ ಋತು ಆಡಿ ಮರೆಯಾಯಿತು.

ತಾತನ ಕಾಲದಿಂದ ಒಂದೇ ತಂಡಕ್ಕೆ ಜೈಕಾರ ಹಾಕುತ್ತಾ ಬಂದ ಮನೆತನಕ್ಕೆ, ಆ ತಂಡವೇ ಇಲ್ಲವಾದರೆ ಉಳಿಯುವುದೇನು? ಟೆಲಿವಿಷನ್ ಕೆಲಸದಲ್ಲಿರುವ ನಮ್ಮಂಥವರಿಗೆ ಚೆನ್ನಾಗಿ ತಿಳಿದ ಒಂದು ಕಹಿ ಸತ್ಯವಿದೆ. ಹಿಂದಿನ ದಶಕಗಳಲ್ಲಿ ವಿಡಿಯೊ ಟೇಪು ದುಬಾರಿಯಾಗಿದ್ದುದರಿಂದ ಪ್ರಪಂಚದ ಅನೇಕ ಕೇಂದ್ರಗಳಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ಮುದ್ರಿಸುತ್ತಿದ್ದರು. ಕೋಟಿಗಟ್ಟಲೆ ಬೆಲೆಯ ಯಂತ್ರಗಳು ಕಾಪಾಡದಿದ್ದ ಮುಖಗಳನ್ನು ಎಷ್ಟೋ ಸಲ ಮಗುವೊಂದರ ಬಿಸ್ಕತ್ತಿನ ಡಬ್ಬಿ ಕಾಪಾಡಿದೆ. ತಾರೆಗಳ ಚಿತ್ರ ಎಲ್ಲಾದರೂ ಸಿಕ್ಕೀತು. ಎರಡು ಋತು ಆಡಿ ಮರೆಯಾದ ಸಾಧಾರಣ ಆಟಗಾರನಿಗೆ ಕಾರ್ಡೇ ಚರಿತ್ರೆ.

ಬೆಲೆ, ಅಸಲು, ನಕಲು

ಹಳೆಯದಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಎಷ್ಟು ಉಳಿದಿವೆ, ಎಷ್ಟು ಜನಕ್ಕೆ ಬೇಕು, ಯಾವ ಸ್ಥಿತಿಯಲ್ಲಿದೆ ಎಂಬ ಮೂರೇ ಪ್ರಶ್ನೆ. ಸ್ಕ್ಯಾನ್ಲೆನ್ಸ್ ಕಾಲದ ಮಕ್ಕಳು ಕಾರ್ಡುಗಳನ್ನು ಗೋಡೆಗೆಸೆದು ಆಡಿದರು, ರಬ್ಬರು ಬಳೆಯಲ್ಲಿ ಕಟ್ಟಿದರು, ಸೈಕಲ್ಲಿನ ಕಡ್ಡಿಗೆ ಸಿಕ್ಕಿಸಿ ಸದ್ದು ಮಾಡಿಸಿದರು. ಹೀಗಾಗಿ ಮೂಲೆ ಮುಕ್ಕಾಗದವು ವಿರಳ. ಸರಣಿಯ ಪಟ್ಟಿಯಿದ್ದ ಕಾರ್ಡಿನಲ್ಲಿ ಸಿಕ್ಕಿದ್ದಕ್ಕೆಲ್ಲ ಗುರುತು ಹಾಕುತ್ತಿದ್ದುದರಿಂದ, ಗುರುತು ಹಾಕದ ಪಟ್ಟಿಗೆ ಒಳ್ಳೆಯ ಬೆಲೆಯಿದೆ! 1990ರ ದಶಕದವರು ಮುಂದೆ ಲಾಭ ಬಂದೀತೆಂದು ಕೊಂಡ ದಿನವೇ ಪ್ಲಾಸ್ಟಿಕ್ಕಿನಲ್ಲಿಟ್ಟರು. ಎಲ್ಲರೂ ಹಾಗೆ ಮಾಡಿದ್ದರಿಂದ ಅವು ಹೇರಳವಾಗಿ ಉಳಿದಿವೆ, ಸಾಮಾನ್ಯ ಕಾರ್ಡುಗಳ ಬೆಲೆಯೂ ಏರಲಿಲ್ಲ.

ಬೆಲೆ ಇದ್ದಲ್ಲಿ ನಕಲು ಬರುತ್ತದೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಸಾಕು. ಅಸಲು ಕಾರ್ಡಿನಲ್ಲಿ ಚಿತ್ರವು ಬಣ್ಣದ ಚುಕ್ಕೆಗಳಿಂದಾಗಿದ್ದರೂ ಕಪ್ಪು ಅಕ್ಷರಗಳು ಸಾಮಾನ್ಯವಾಗಿ ಅಖಂಡವಾಗಿರುತ್ತವೆ. ಕಾರ್ಡಿನ ಪ್ರತಿ ತೆಗೆದು ಮರುಮುದ್ರಣ ಮಾಡಿದಾಗ ಅಕ್ಷರಗಳೂ ಚುಕ್ಕೆಗಳಾಗಿ ಒಡೆಯುತ್ತವೆ.

ಕಾಪಾಡುವ ಕ್ರಮ

ಈ ಸೂಚನೆಗಳು ನಿಮ್ಮ ಮನೆಯ ಹಳೆಯ ಫೋಟೊ, ಬೆಂಕಿಪೊಟ್ಟಣದ ಚಿತ್ರ, ಅಂಚೆಚೀಟಿಗಳಿಗೂ ಅನ್ವಯಿಸುತ್ತವೆ.

ಪಿವಿಸಿ ಪ್ಲಾಸ್ಟಿಕ್ಕಿನ ಚೀಲ ಬೇಡ. ಅದನ್ನು ಮೆತ್ತಗಾಗಿಸಲು ಬೆರೆಸಿದ ರಾಸಾಯನಿಕ ಕಾಲಕ್ರಮೇಣ ಹೊರಬಂದು ಶಾಯಿಗೆ ಅಂಟುತ್ತದೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಹಾಳೆ ನಿರಪಾಯಕಾರಿ.

ಅಂಟು, ಸೆಲ್ಲೊಟೇಪು, ಲ್ಯಾಮಿನೇಷನ್ ಬೇಡವೇ ಬೇಡ. ರಬ್ಬರು ಬಳೆಯಲ್ಲಿ ಗಂಧಕವಿದ್ದು ಕಲೆಯಾಗುತ್ತದೆ, ಅಂಚೂ ತಗ್ಗುಬೀಳುತ್ತದೆ.

ಬಿಸಿಲು ಬಣ್ಣ ಕೆಡಿಸುತ್ತದೆ. ಅಗ್ಗದ ರಟ್ಟಿನಲ್ಲಿರುವ ಲಿಗ್ನಿನ್ ಬೆಳಕಿಗೆ ಹಳದಿಯಾಗುತ್ತದೆ.

ತೇವದಿಂದ ಬೂಷ್ಟು ಬರುತ್ತದೆ, ಬೆಳ್ಳಿಹುಳು ಸೇರುತ್ತದೆ. ನಮ್ಮ ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣವಿಟ್ಟು ಆಗಾಗ್ಗೆ ಬದಲಿಸಿ.

ಕೊನೆಯದಾಗಿ, ಪ್ರತಿ ಕಾರ್ಡು ಯಾರಿಂದ, ಯಾವಾಗ ಬಂತೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕಾರ್ಡಿನ ಮೇಲೆ ಮಾತ್ರ ಬರೆಯಬೇಡಿ.

ಸಿಡ್ನಿಯ ಪಶ್ಚಿಮ ಭಾಗದಲ್ಲಿ ನೆಲೆಸಿರುವ ಕನ್ನಡಿಗರಿಗೆ ಪ್ಯಾರಮ್ಯಾಟಾ ಎಂಬ ಹೆಸರು ದಿನಬಳಕೆಯ ಮಾತು. ನಿಮ್ಮ ಬಂಧುಗಳು ಅಲ್ಲಿದ್ದರೆ, ಅವರ ಮಕ್ಕಳನ್ನು ಈ ಕಾರ್ಡುಗಳ ಬಗ್ಗೆ ವಿಚಾರಿಸಿ ನೋಡಿ. ನಿಮ್ಮ ಮನೆಯ ಅಟ್ಟದಲ್ಲಿ ತಂದೆಯವರು ಬಾಲ್ಯದಲ್ಲಿ ಕೂಡಿಟ್ಟ ಚಿತ್ರಗಳ ಡಬ್ಬಿಯೊಂದಿದ್ದರೆ, ದೀಪಾವಳಿಯ ಕಸದೊಡನೆ ಅದನ್ನು ಎಸೆಯುವ ಮುನ್ನ ಮುಚ್ಚಳ ತೆಗೆದು, ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದರ ಕಥೆಯನ್ನೂ ಕೇಳಿ ಬರೆದುಕೊಳ್ಳಿ.