ಲೈಕೋ, ಲವ್ವೋ, ಬರೀ ಎಂಜಾಯೋ?

ನಾವು ಮೂರು ಮಂದಿ ಒಂದೇ ಹಾಸ್ಟೆಲ್ ರೂಮಿನವರು. ಒಬ್ಬ ಯಾದಗಿರಿ, ಒಬ್ಬ ಶಹಾಪುರ, ಒಬ್ಬ ಸುರಪುರ. ಮೂವರೂ ಓದಿದ್ದು ಇಂಗ್ಲಿಷ್ ಮೀಡಿಯಮ್ಮಿನಲ್ಲೇ. ಆದ್ರೂ ಹೋದ ಸೆಮಿಸ್ಟರ್ ಕಮ್ಯುನಿಕೇಶನ್ ಲ್ಯಾಬಿನಲ್ಲಿ 'ನಿಮಗೆ ಇಷ್ಟವಾದ ಒಬ್ಬರ ಬಗ್ಗೆ ಎರಡು ನಿಮಿಷ ಮಾತಾಡಿ' ಅಂದಾಗ ಸಿಕ್ಕಿಹಾಕಿಕೊಂಡೆವು. ಸುರಪುರದವನು ತನ್ನ ಆಯಿ ಬಗ್ಗೆ ಬರೆಯೋಕೆ ಕೂತ. ಆಯಿ ತೀರಿಕೊಂಡು ಆಗ ನಾಲ್ಕು ತಿಂಗಳಾಗಿತ್ತು. 'ಐ ಲೈಕ್ ಮೈ ಗ್ರ್ಯಾಂಡ್‌ಮದರ್' ಅಂತ ಬರೆದು ಹೊಡೆದು ಹಾಕಿದ. 'ಫಾಂಡ್ ಆಫ್' ಅಂತ ಬರೆದ, ಅದನ್ನೂ ಹೊಡೆದ. 'ಲವ್' ಬರೆಯೋಕೆ ನಾಚಿಕೆ. ಆ ರಾತ್ರಿ ನಾವು ವಾದ ಮಾಡಿ ತಿಳಕೊಂಡಿದ್ದನ್ನ ಇಲ್ಲಿ ಬರೀತಾ ಇದ್ದೀವಿ.

ನಾಚಿಕೆ ಯಾಕೆ? ನಮ್ಮ ಕಡೆ ಲವ್ ಅಂದ್ರೆ ಒಂದೇ ಅರ್ಥ. 'ಅವ ಲವ್ ಮಾಡ್ಯಾನಂತ' ಅಂದ್ರೆ ಮನ್ಯಾಗ ಪಂಚಾಯ್ತಿ ಶುರು. ಒಮ್ಮೆ ಶಹಾಪುರದವನು ಫೋನಿನಲ್ಲಿ 'ಲವ್ ಯೂ ಅವ್ವ' ಅಂದಿದ್ದಕ್ಕೆ ಅವರವ್ವ ಗಾಬರಿಯಾಗಿ, 'ಯಾಕ ತಮ್ಮ, ಮೈಯಾಗ ಆರಾಮ ಇಲ್ಲೇನು?' ಅಂದ್ರು. ಇಂಗ್ಲಿಷಿನಲ್ಲಿ ಆ ಪದದ ಹೊಟ್ಟೆ ದೊಡ್ಡದು. ತಾಯಿ, ನಾಯಿ, ಊರು, ಮಳೆ, ಮಿರ್ಚಿ ಎಲ್ಲಕ್ಕೂ ನಡೆಯುತ್ತದೆ.

ಈಗ ಒಂದೊಂದನ್ನೇ ನೋಡೋಣ. 'ಐ ಲೈಕ್ ಒಗ್ಗರಣಿ' ಅಂದ್ರೆ ಪ್ಲೇಟಿನಲ್ಲಿ ಕೊಟ್ಟರೆ ಖುಷಿಯಿಂದ ತಿಂತೀವಿ. 'ಐ ಲವ್ ಒಗ್ಗರಣಿ' ಅಂದ್ರೆ ಬೆಳಗ್ಗೆ ಎದ್ದು ಹುಡುಕಿಕೊಂಡು ಹೋಗ್ತೀವಿ. 'ಫಾಂಡ್ ಆಫ್' ಬಹಳ ದಿನದ ಒಡನಾಟದಿಂದ ಬಂದ ಮೆಲ್ಲನೆಯ ಅಕ್ಕರೆ. ಹಳೇ ಮೇಷ್ಟ್ರಿಗೆ, ಬುದ್ಧ ಮಲಗಿದ ಹಾಗೆ ಕಾಣುವ ಶಹಾಪುರದ ಬೆಟ್ಟಕ್ಕೆ ಸರಿಯಾಗುತ್ತದೆ. ಆದರೆ ಲವ್‌ಗಿಂತ ಒಂದು ಮೆಟ್ಟಿಲು ಕೆಳಗೆ. 'ಅಡೋರ್' ಹುಟ್ಟಿದ್ದು ಪೂಜೆಯ ಅರ್ಥದ ಲ್ಯಾಟಿನ್ ಪದದಿಂದ. ದಿನಾ ಬಳಸಿದರೆ ನಾಟಕ ಅನ್ನಿಸುತ್ತೆ. 'ಕ್ರೇಜಿ ಅಬೌಟ್' ನಮ್ಮ 'ಹುಚ್ಚು'. ಕ್ರಿಕೆಟ್ ಮಾತಿಗೆ ಚೆಂದ, ಇಂಟರ್‌ವ್ಯೂಗೆ ಬೇಡ.

'ಎಂಜಾಯ್' ಅನುಭವಿಸೋದಕ್ಕೆ ಸಂಬಂಧಿಸಿದ್ದು, ನಮ್ಮ 'ಮಜಾ ಬಂತು' ಇದ್ದ ಹಾಗೆ. ಸಂಕ್ರಾಂತಿಗೆ ಮೈಲಾಪುರ ಜಾತ್ರೆಗೆ ಹೋಗಿ ಬಂದು 'ವಿ ಎಂಜಾಯ್ಡ್' ಅಂತ ನಿಲ್ಲಿಸ್ತೀವಿ, ಯಾಕಂದ್ರೆ ಕನ್ನಡದಲ್ಲಿ 'ಎಂಜಾಯ್ ಮಾಡಿದ್ವಿ' ಅಂದ್ರೆ ಮುಗೀತು. ಇಂಗ್ಲಿಷು ಮಾತ್ರ 'ಏನನ್ನ?' ಅಂತ ಕೇಳುತ್ತದೆ. ಜಾತ್ರೆಯನ್ನ ಹೆಸರಿಸಬೇಕು, ಇಲ್ಲವೇ 'ಅವರ್‌ಸೆಲ್ವ್ಸ್' ಸೇರಿಸಬೇಕು. ಇನ್ನೊಂದು: 'ಎಂಜಾಯ್ ಸ್ವಿಮ್ಮಿಂಗ್' ಸರಿ, 'ಎಂಜಾಯ್ ಟು ಸ್ವಿಮ್' ತಪ್ಪು. ಲೈಕ್, ಲವ್‌ಗೆ ಎರಡೂ ನಡೆಯುತ್ತವೆ.

'ಭಾಳ' ಅನ್ನೋದನ್ನ ನೇರ ಇಳಿಸಿ 'ಐ ವೆರಿ ಲವ್' ಅನ್ನೋದು ನಮ್ಮಲ್ಲಿ ಸಾಮಾನ್ಯ. ಫಾಂಡ್ ಗುಣವಾಚಕ, ಅದಕ್ಕೆ 'ವೆರಿ ಫಾಂಡ್' ಸರಿ. ಲವ್ ಕ್ರಿಯಾಪದ, ಅದಕ್ಕೆ ಕೊನೆಯಲ್ಲಿ 'ವೆರಿ ಮಚ್' ಬರಬೇಕು. ಹಾಗೇ 'ಐ ಆಮ್ ಲವಿಂಗ್'. 2003ರಲ್ಲಿ ಮೆಕ್‌ಡೊನಾಲ್ಡ್ಸ್ ಜಾಹೀರಾತು ಇದನ್ನ ಊರಿಗೆಲ್ಲ ಕಲಿಸಿತು. ತಿನ್ನುತ್ತಿರುವ ಈ ಕ್ಷಣದ ರುಚಿ ಹೇಳೋಕೆ ಅದು ಸರಿ. ಸದಾ ಇರುವ ಪ್ರೀತಿಗೆ ಬರೀ 'ಲವ್' ಸಾಕು.

ನಾವು ತಪ್ಪೋದಕ್ಕೆ ಒಂದು ಕಾರಣ ಇದೆ. 'ನನಗೆ ಇಷ್ಟ', 'ನನಗ ಸೇರತದ' ಅನ್ನುವಾಗ ನಾವು ಏನೂ ಮಾಡ್ತಾ ಇಲ್ಲ, ಅದೇ ನಮ್ಮ ಹತ್ತಿರ ಬರುತ್ತದೆ. 'ಐ ಲೈಕ್' ಅಂದ್ರೆ ಮಾಡುವವನು ನಾನು. ಆದರೆ ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಲೈಕ್ ಪದದ ಮೂಲರೂಪಕ್ಕೆ 'ಹಿಡಿಸು' ಅಂತಲೇ ಅರ್ಥ ಇತ್ತು, ಮನುಷ್ಯ 'ನನಗೆ' ರೂಪದಲ್ಲೇ ಬರುತ್ತಿದ್ದ. ಅಂದ್ರೆ ಒಂದು ಕಾಲಕ್ಕೆ ಅವರೂ ನಮ್ಮ ಹಾಗೇ!

ಇಷ್ಟಾದರೂ ಆಯಿಯ ವಾಕ್ಯ ಬರಲಿಲ್ಲ. 'ನಮ್ಮ ಆಯಿಗಿ ನನ್ನ ಮ್ಯಾಲ ಭಾಳ ಜೀವ ಇತ್ತು' ಅಂದ ಅವನು. ಆ 'ಜೀವ'ಕ್ಕೆ ಇಂಗ್ಲಿಷ್ ಎಲ್ಲಿಂದ ತರೋದು? ಆಗ ಅವನಿಗೇ ತಮ್ಮೂರಿನ ಮೆಡೋಸ್ ಟೇಲರ್ ನೆನಪಾದ. 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡ ಟೇಲರನನ್ನು ಬಾಲಕ ರಾಜಾ ವೆಂಕಟಪ್ಪ ನಾಯಕ 'ಅಪ್ಪಾ' ಅಂತ ಕರೆಯುತ್ತಿದ್ದ. 1877ರಲ್ಲಿ ಪ್ರಕಟವಾದ ತನ್ನ ಇಂಗ್ಲಿಷ್ ಆತ್ಮಕಥೆಯಲ್ಲೂ ಟೇಲರ್ ಆ 'ಅಪ್ಪಾ'ನ ಹಾಗೇ ಉಳಿಸಿಕೊಂಡಿದ್ದಾನೆ. ಇಂಗ್ಲಿಷರವನೇ ಹಾಗೆ ಮಾಡಿದ ಮೇಲೆ ನಮಗೇನು ಅಡ್ಡಿ? ಗ್ರ್ಯಾಂಡ್‌ಮದರ್ ಹೋಗಿ 'ಆಯಿ' ಬಂದಳು.

ಉಳಿದಿದ್ದು ಕಾಲ. 'ಲವ್' ಅಲ್ಲ, 'ಲವ್ಡ್' ಆಗಬೇಕು, ಆಯಿ ಈಗಿಲ್ಲವಲ್ಲ ಅಂತ ಯಾದಗಿರಿಯವನು ವ್ಯಾಕರಣ ತೆಗೆದ. ಸುರಪುರದವನು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹೋದಾಕಿ ಆಯಿ. ನಂದೇನು ಹೋಗಿಲ್ಲಲ್ಲ' ಅಂದ.

ವ್ಯಾಕರಣವೂ ಅವನ ಕಡೆಗೇ ಇತ್ತು. ಮರುದಿನ ಅವನು ಹೇಳಿದ ಎರಡು ನಿಮಿಷದಲ್ಲಿ ಆಯಿಯ ರೊಟ್ಟಿ, ಬೈಗುಳ, ನಗು ಎಲ್ಲ ಭೂತಕಾಲದಲ್ಲಿತ್ತು. ಮೊದಲ ವಾಕ್ಯ ಒಂದೇ ವರ್ತಮಾನ: 'ಐ ಲವ್ ಮೈ ಆಯಿ.'